ಹುಲ್ಲುಗಾವಲಿನ ಲೆಕ್ಕ ಒಪ್ಪಿಸಿದ ಮೇಲೆಯೇ ಬಡಾವಣೆ

ಇಂಗ್ಲೆಂಡಿನಲ್ಲಿ 2024ರ ಫೆಬ್ರುವರಿ 12ರಿಂದ ದೊಡ್ಡ ಬಡಾವಣೆಗಳಿಗೂ ಏಪ್ರಿಲ್ 2ರಿಂದ ಸಣ್ಣ ನಿವೇಶನಗಳಿಗೂ ಹೊಸ ಷರತ್ತೊಂದು ಅನ್ವಯವಾಗುತ್ತಿದೆ. ಕಾಮಗಾರಿಗೆ ಮೊದಲು ಆ ನೆಲಕ್ಕಿದ್ದ ಜೀವವೈವಿಧ್ಯದ ಮೌಲ್ಯಕ್ಕಿಂತ, ಕಾಮಗಾರಿಯ ನಂತರದ ಮೌಲ್ಯವು ಕನಿಷ್ಠ ಶೇ. 10ರಷ್ಟು ಹೆಚ್ಚಿರಬೇಕು; ಹೀಗೆ ಗಳಿಸಿದ ಗಣನೀಯ ಹೆಚ್ಚಳವನ್ನು 30 ವರ್ಷ ಕಾಪಾಡಬೇಕು. 2021ರ ಪರಿಸರ ಕಾಯ್ದೆಯಿಂದ ಬಂದ ಈ ನಿಯಮದಂತೆ, ಗಳಿಕೆಯ ಯೋಜನೆಯನ್ನು ಸ್ಥಳೀಯ ಯೋಜನಾ ಪ್ರಾಧಿಕಾರ ಒಪ್ಪುವವರೆಗೆ ಕೆಲಸ ಆರಂಭಿಸುವಂತಿಲ್ಲ. ಇದ್ದ ಮನೆಗೆ ಕೋಣೆ ಸೇರಿಸುವಂಥವರಿಗೆ ವಿನಾಯಿತಿಯಿದೆ.

ಜೀವವೈವಿಧ್ಯವನ್ನು ಅಳೆಯುವುದಾದರೂ ಹೇಗೆ? ಅಲ್ಲಿ ಅಳೆಯುವುದು ಜೀವಿಗಳನ್ನಲ್ಲ, ಅವುಗಳ ಆವಾಸವನ್ನು. ವಿಸ್ತೀರ್ಣ, ಆವಾಸದ ವೈಶಿಷ್ಟ್ಯ, ಅದರ ಸ್ಥಿತಿ ಹಾಗೂ ಸ್ಥಳೀಯ ಮಹತ್ವ ಇವುಗಳನ್ನು ಗುಣಿಸಿದರೆ ‘ಘಟಕ’ಗಳು ಸಿಗುತ್ತವೆ. ಗೊಬ್ಬರ ಹಾಕಿ ಬೆಳೆಸಿದ ಒಂದು ಹೆಕ್ಟೇರ್ ಹುಲ್ಲುಗಾವಲನ್ನು ಊಹಿಸಿಕೊಳ್ಳಿ. ವೈಶಿಷ್ಟ್ಯಕ್ಕೆ 2, ಮಧ್ಯಮ ಸ್ಥಿತಿಗೆ 2, ವಿಶೇಷ ಸ್ಥಳೀಯ ಮಹತ್ವವಿಲ್ಲದ್ದರಿಂದ 1; ಒಟ್ಟು 4 ಘಟಕ. ಹಾಗಾಗಿ ಕೊನೆಗೆ 4.4 ಘಟಕ ತೋರಿಸಬೇಕು. 0.6 ಹೆಕ್ಟೇರಿನಲ್ಲಿ ರಸ್ತೆ ಮತ್ತು ಕಟ್ಟಡ ಬಂದು, ಉಳಿದ 0.4 ಹೆಕ್ಟೇರನ್ನು ಕಾಡುಹೂಗಳಿರುವ ಉತ್ತಮ ಸ್ಥಿತಿಯ ಹುಲ್ಲುಗಾವಲಾಗಿ ಬದಲಿಸಿದರೆ, ವೈಶಿಷ್ಟ್ಯ 4 ಮತ್ತು ಸ್ಥಿತಿ 3ರ ಲೆಕ್ಕದಲ್ಲಿ 4.8 ಘಟಕ. ಗೆದ್ದಂತೆಯೇ ಕಾಣುತ್ತದೆ. ಆದರೆ ಆವಾಸ ರೂಪುಗೊಳ್ಳಲು ಹಿಡಿಯುವ ಪ್ರತಿ ವರ್ಷಕ್ಕೂ ಹೊಸ ಗಳಿಕೆಯಲ್ಲಿ ಆವರೆಗೆ ಉಳಿದುದರ ಶೇ. 3.5ರಷ್ಟು ಕಡಿತವಾಗುತ್ತದೆ. ಅದಕ್ಕೆ ಹತ್ತು ವರ್ಷ ಬೇಕೆಂದಾದರೆ, ಈ 0.4 ಹೆಕ್ಟೇರಿಗೆ ಮೊದಲೇ ಇದ್ದ 1.6ರ ಮೇಲೆ ಗಳಿಸಿದ 3.2 ಘಟಕಗಳು 2.24ಕ್ಕೆ ಇಳಿದು, ಒಟ್ಟು ಮೊತ್ತ 3.84ಕ್ಕೆ ನಿಲ್ಲುತ್ತದೆ. ಬೆಳೆಸುವುದು ಕಷ್ಟವಾದ ಆವಾಸಕ್ಕೆ ಇನ್ನಷ್ಟು ಕಡಿತವಿದೆ. ನೆಟ್ಟ ಸಸಿಯನ್ನು ಅಂದೇ ಮರವೆಂದು ಎಣಿಸುವ ನಮ್ಮೆಲ್ಲರ ಅಭ್ಯಾಸಕ್ಕೆ ಈ ಕಡಿತ ತಕ್ಕ ಉತ್ತರವೆಂದು ನನಗೆ ಅನಿಸುತ್ತದೆ.

ಕೊರತೆಯನ್ನು ಬೇರೆಡೆ ನೋಂದಾಯಿತ ಭೂಮಿಯಿಂದ ಘಟಕ ಖರೀದಿಸಿ ತುಂಬಬಹುದು. ಅದೂ ಸಿಗದಿದ್ದರೆ ಮಾತ್ರ ಸರ್ಕಾರದಿಂದ ಕ್ರೆಡಿಟ್ ಕೊಳ್ಳಬೇಕು. ಒಂದು ಘಟಕದ ಕೊರತೆಗೆ ಎರಡು ಕ್ರೆಡಿಟ್! ಮೌಲ್ಯ ಕಡಿಮೆ ತೋರಿಸಲು ನೆಲವನ್ನು ಮೊದಲೇ ಬೋಳಿಸುವ ಉಪಾಯವೂ ನಡೆಯದು. 2020ರ ಜನವರಿ 30ರ ನಂತರ ಅನುಮತಿಯಿಲ್ಲದೆ ಹಾಳುಗೆಡವಿದ್ದರೆ ಹಿಂದಿನ ಸ್ಥಿತಿಯನ್ನೇ ಪರಿಗಣಿಸಲಾಗುತ್ತದೆ. ಪುರಾತನ ಕಾಡುಗಳಂಥ, ಮತ್ತೆ ಸೃಷ್ಟಿಸಲಾಗದ ಆವಾಸಗಳಿಗೆ ಈ ಶೇಕಡಾವಾರು ಲೆಕ್ಕವೇ ಅನ್ವಯಿಸುವುದಿಲ್ಲ. ಅವುಗಳ ಹಾನಿಗೆ ಪ್ರತ್ಯೇಕ ಪರಿಹಾರ ಒಪ್ಪಿಕೊಳ್ಳಬೇಕು.

ಈ ವಿಧಾನದ ದೊಡ್ಡ ಮಿತಿ ಇರುವುದು ಅದರ ಮೂಲದಲ್ಲೇ. ಗೋಡೆಯಲ್ಲಿ ಬಾನಾಡಿ ಹಕ್ಕಿಗಳಿಗೆ ಗೂಡಿನ ಇಟ್ಟಿಗೆ ಇಟ್ಟರೂ ಬಾವಲಿಗಳಿಗೆ ಪೆಟ್ಟಿಗೆ ತೂಗಿದರೂ ಒಂದು ಘಟಕವೂ ಸಿಗುವುದಿಲ್ಲ, ಏಕೆಂದರೆ ಲೆಕ್ಕದಲ್ಲಿ ಪ್ರಾಣಿಗಳೇ ಇಲ್ಲ. ಜೀವಿಗಳಿಗೆ ಬೇರೆ ಕಾನೂನುಗಳ ರಕ್ಷಣೆಯಿದೆ ನಿಜ, ಆದರೂ ಹುಲ್ಲು ಚೆನ್ನಾಗಿದ್ದ ಮಾತ್ರಕ್ಕೆ ಹಕ್ಕಿ ಬಂದೇ ಬರುತ್ತದೆಂದು ಯಾರೂ ಖಾತ್ರಿ ಕೊಡಲಾರರು.

ಬಹುಶಃ ಇಂಥ ಅನಿಶ್ಚಿತತೆಯ ಕಾರಣಕ್ಕೇ ಶೇ. 10 ಸಾಲದೆನ್ನುವ ಸ್ಥಳೀಯ ಸಂಸ್ಥೆಗಳಿವೆ. ಗಿಲ್‌ಫರ್ಡ್ ಮತ್ತು ಮೇಡ್‌ಸ್ಟನ್ ತಮ್ಮ ಸ್ಥಳೀಯ ಯೋಜನೆಗಳಲ್ಲಿ ಶೇ. 20 ಕೇಳಿವೆ. ಹಾಗೆ ಕೇಳುವವರು ಸ್ಥಳೀಯ ಅಗತ್ಯವನ್ನೂ, ಅದರಿಂದ ಮನೆ ನಿರ್ಮಾಣ ಆರ್ಥಿಕವಾಗಿ ಅಸಾಧ್ಯವಾಗುವುದಿಲ್ಲವೆಂಬುದನ್ನೂ ಪುರಾವೆಗಳೊಂದಿಗೆ ತೋರಿಸಬೇಕೆಂಬುದು ಸರ್ಕಾರದ ಮಾರ್ಗಸೂಚಿ.