ಇನ್ಶೂರೆನ್ಸ್ ಪಾಲಿಸಿನೇನೋ? ಸೋಶಿಯಲ್ ಪಾಲಿಸಿ ಮೊದಲ ವರ್ಷದ ಟಿಪ್ಪಣಿ

ಇಂಗ್ಲೆಂಡಿನಲ್ಲಿ ಸೋಶಿಯಲ್ ಪಾಲಿಸಿ ಡಿಗ್ರಿಗೆ ಸೇರಿದ್ದೇನೆ ಎಂದಾಗ ನಮ್ಮ ದೊಡ್ಡಪ್ಪ ಕೇಳಿದ್ದು, "ಇನ್ಶೂರೆನ್ಸ್ ಪಾಲಿಸಿನೇನೋ?" ನಾನು ನಕ್ಕಿದ್ದೆ. ಮೊದಲ ಟರ್ಮ್ ಮುಗಿಯುವಷ್ಟರಲ್ಲಿ ಗೊತ್ತಾಯಿತು, ಅವರು ಪೂರ್ತಿ ತಪ್ಪೇನೂ ಹೇಳಿರಲಿಲ್ಲ.

ಇದು ಸೋಶಿಯಲ್ ವರ್ಕ್ ಅಲ್ಲ. ಪಿಂಚಣಿ, ಆಸ್ಪತ್ರೆ, ಶಾಲೆ, ರೇಷನ್ ಇವನ್ನೆಲ್ಲ ಸರ್ಕಾರ ಯಾರಿಗೆ ಕೊಡುತ್ತದೆ, ದುಡ್ಡು ಎಲ್ಲಿಂದ ತರುತ್ತದೆ, ಯಾರ ಕೈತಪ್ಪುತ್ತದೆ ಎಂದು ನೋಡುವ ಓದು. ಸ್ವಲ್ಪ ಅರ್ಥಶಾಸ್ತ್ರ, ಸ್ವಲ್ಪ ಸಮಾಜಶಾಸ್ತ್ರ, ಸ್ವಲ್ಪ ರಾಜಕೀಯ. ಅಂಕಿಅಂಶದ ಪೇಪರಂತೂ ಬಿಡುವುದಿಲ್ಲ. ಇಲ್ಲಿ ಒಂದೇ ಪಾಠ ಹೇಳುತ್ತೇನೆ: ಸರ್ಕಾರ ಕೊಡುವ ಮೂರು ದಾರಿ.

ಮೊದಲನೆಯದು ದೊಡ್ಡಪ್ಪ ಹೇಳಿದ್ದೇ, ವಿಮೆ. ಬ್ರಿಟನ್ನಿನ ಕಲ್ಯಾಣ ವ್ಯವಸ್ಥೆಗೆ ಬುನಾದಿ ಹಾಕಿದ 1942ರ ಬೆವರಿಜ್ ವರದಿ ಎಂದರೆ ಎಲ್ಲರೂ 'ಐದು ದೈತ್ಯರು' ಎಂದು ಬಾಯಿಪಾಠ ಮಾಡುತ್ತಾರೆ: ಬಡತನ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ. ಅದರ ಒಳಗಿನ ಲೆಕ್ಕ ಮಾತ್ರ ವಿಮೆಯದ್ದು. ದುಡಿಯುವಾಗ ಕಂತು ಕಟ್ಟು, ಕೆಲಸ ಹೋದಾಗ, ಕಾಯಿಲೆ ಬಿದ್ದಾಗ, ಮುಪ್ಪಾದಾಗ ತಗೋ. ನಮ್ಮ ಇಎಸ್‌ಐ ಕಾಯ್ದೆ (ಕಾರ್ಮಿಕರ ರಾಜ್ಯ ವಿಮೆ, 1948) ಇದೇ ಜಾತಿಯದು. ಗಾರ್ಮೆಂಟ್ಸ್ ಕೆಲಸದಾಕೆಯ ಸಂಬಳದಲ್ಲಿ ಇಎಸ್‌ಐ ಕಟ್ ಆಗುತ್ತದೆ. ಮನೆಯಲ್ಲೇ ಕೂತು ಊದಿನಕಡ್ಡಿ ಹೊಸೆಯುವಾಕೆಗೆ ಸಂಬಳದ ಚೀಟಿಯೇ ಇಲ್ಲ, ಕಟ್ ಎಲ್ಲಿಂದ ಬರಬೇಕು?

ಎರಡನೆಯದು ಎಲ್ಲರಿಗೂ ಕೊಡುವುದು. 1948ರ ಜುಲೈ 5ಕ್ಕೆ ಶುರುವಾದ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇದಕ್ಕೆ ಹೆಸರುವಾಸಿ. ನಮಗೆ ಹತ್ತಿರದ್ದು ಶಕ್ತಿ ಯೋಜನೆ, 2023ರ ಜೂನ್ 11ರಿಂದ. ಕೆಂಪು ಬಸ್ಸು ಹತ್ತಿ ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ನೀವು ಹೆಂಗಸು, ವಿಳಾಸ ಕರ್ನಾಟಕದ್ದು. ಅಷ್ಟು ಸಾಕು, ಆದಾಯ ಎಷ್ಟು ಎಂದು ಯಾರೂ ಕೇಳುವುದಿಲ್ಲ.

ಮೂರನೆಯದು ಬಡವರಿಗೆ ಮಾತ್ರ. ಪರೀಕ್ಷೆಯಲ್ಲಿ ಜಾಸ್ತಿ ಬರುವುದು ಇದೇ. 1997ರಲ್ಲಿ ಭಾರತದ ರೇಷನ್ ವ್ಯವಸ್ಥೆ ಬಿಪಿಎಲ್, ಎಪಿಎಲ್ ಎಂದು ಎರಡಾಯಿತು. ಕೇಳಲು ಸರಿಯೇ: ಇದ್ದವರಿಗೆ ಯಾಕೆ ಕೊಡಬೇಕು? ತೊಂದರೆ ಇರುವುದು ಬಡವರನ್ನು ಹುಡುಕುವುದರಲ್ಲಿ. ಅಲ್ಲಿ ಎರಡು ತಪ್ಪು ಆಗುತ್ತವೆ. ಸಿಗಬಾರದವರಿಗೆ ಸಿಗುವುದು ಒಂದು, ಸಿಗಬೇಕಾದವರಿಗೆ ತಪ್ಪುವುದು ಇನ್ನೊಂದು. ಪೇಪರಿನಲ್ಲಿ ಸುದ್ದಿಯಾಗುವುದು ಮೊದಲನೆಯದು, ಕಾರಿದ್ದವನ ಬಿಪಿಎಲ್ ಕಾರ್ಡು. ಎರಡನೆಯದು ಸುದ್ದಿಯಾಗುವುದೇ ಕಡಿಮೆ. ನನ್ನ ಕೇಳಿದರೆ ಜಾಸ್ತಿ ಕೆಟ್ಟದ್ದು ಅದೇ.

ಎರಡನೆಯದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮಜ್ಜಿ ನ್ಯಾಯಬೆಲೆ ಅಂಗಡಿಯಲ್ಲಿ ಥಂಬ್ ಕೊಡುವಾಗ ಹೆಬ್ಬೆರಳನ್ನು ಸೆರಗಿಗೆ ತಿಕ್ಕಿ ತಿಕ್ಕಿ ಇಡುತ್ತಿದ್ದರು. ಕಳೆ ಕಿತ್ತು, ಪಾತ್ರೆ ತಿಕ್ಕಿ ಗೆರೆಯೇ ಸವೆದಿದ್ದವು. ಮೂರು ಸಲ ಕೆಂಪು ದೀಪ. "ನಾಳೆ ಬಾರಜ್ಜಿ." ಕಾರ್ಡಿತ್ತು, ಹೆಸರಿತ್ತು, ಅಂಗಡಿಯಲ್ಲಿ ಅಕ್ಕಿಯೂ ಇತ್ತು. ಹಾಗಾಗಿ ನನ್ನ ಸಲಹೆ ಇಷ್ಟೇ: ಯಾವುದೇ ಯೋಜನೆ ಸಿಕ್ಕರೂ ಮಂತ್ರಿಯ ಭಾಷಣ ಬಿಟ್ಟು ಮೊದಲು ಅರ್ಜಿ ಫಾರಂ ಓದಿ. ಆಮೇಲೆ ಕೌಂಟರ್ ನೋಡಿ.

ಈ ತೊಂದರೆ ಬಡ ದೇಶದ್ದು ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಚಳಿಗಾಲದ ಬಿಲ್ಲಿಗೆಂದು ಪಿಂಚಣಿ ವಯಸ್ಸಿನ ಹೆಚ್ಚುಕಡಿಮೆ ಎಲ್ಲರಿಗೂ ಹಣ ಬರುತ್ತಿತ್ತು, ಮನೆಗೆ 200 ಅಥವಾ 300 ಪೌಂಡ್. 2024ರಲ್ಲಿ ಸರ್ಕಾರ ಅದನ್ನು ಪೆನ್ಷನ್ ಕ್ರೆಡಿಟ್‌ನಂಥ ಬಡವರ ಭತ್ಯೆ ಪಡೆಯುವವರಿಗೆ ಮಾತ್ರ ಎಂದಿತು. ಆ ಭತ್ಯೆಗೆ ಅರ್ಹರಿದ್ದೂ ಅರ್ಜಿ ಹಾಕದ ಮುದುಕರು ಎಷ್ಟೋ ಜನ. ಕೆಲವರಿಗೆ ಗೊತ್ತಿಲ್ಲ, ಕೆಲವರಿಗೆ ನಾಚಿಕೆ. ಅವರಿಗೆ ಎರಡೂ ಹೋಯಿತು. ಗಲಾಟೆಯಾಗಿ 2025ರಲ್ಲಿ ಹೊಸ ದಾರಿ ಬಂತು: ಎಲ್ಲರಿಗೂ ಕೊಡು, ವರ್ಷಕ್ಕೆ 35,000 ಪೌಂಡ್ ಮೀರಿ ಆದಾಯ ಇರುವವರಿಂದ ತೆರಿಗೆಯಲ್ಲಿ ವಾಪಸ್ ತಗೋ. ಬಡವರನ್ನು ಹುಡುಕುವುದಕ್ಕಿಂತ ಉಳ್ಳವರನ್ನು ಹುಡುಕುವುದು ಸುಲಭ. ಅವರ ಲೆಕ್ಕ ತೆರಿಗೆ ಕಚೇರಿಯಲ್ಲಿ ಆಗಲೇ ಇರುತ್ತದೆ ಅಲ್ವಾ.

ಎಲ್ಲರಿಗೂ ಕೊಡಬೇಕೋ, ಬಡವರಿಗೆ ಮಾತ್ರವೋ ಎಂಬ ಪ್ರಬಂಧದಲ್ಲಿ "ಎರಡಕ್ಕೂ ಒಳಿತು ಕೆಡುಕು ಇವೆ" ಎಂದು ಸುಮ್ನೆ ಮುಗಿಸಬೇಡಿ, ಅಂಕ ಬರುವುದಿಲ್ಲ. ಅಭ್ಯಾಸಕ್ಕೆ ಗೃಹಲಕ್ಷ್ಮಿ ತಗೊಳ್ಳಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಆಕೆಯೋ ಗಂಡನೋ ಆದಾಯ ತೆರಿಗೆ ಕಟ್ಟುವ ಮನೆ ಬಿಟ್ಟು. ಎಪಿಎಲ್ ಕಾರ್ಡಿನವರಿಗೂ ಉಂಟು. ಅಂದರೆ ಇದು ಬಡವರಿಗೆ ಮಾತ್ರ ಅಲ್ಲ, ಎಲ್ಲರಿಗೂ ಅಲ್ಲ, ಮೇಲಿನ ಕೆನೆ ತೆಗೆದು ಉಳಿದವರಿಗೆಲ್ಲ. ಈಗ ಫಾರಂ ನೋಡಿ. ಯಜಮಾನಿ ಯಾರು ಎಂದು ಹೇಳುವುದು ರೇಷನ್ ಕಾರ್ಡು. ಒಂದೇ ಕಾರ್ಡು, ಒಲೆ ಎರಡು ಇರುವ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರಲ್ಲಿ ದುಡ್ಡು ಯಾರ ಖಾತೆಗೆ? ಅಲ್ಲಿಂದ ಬರೆಯಲು ಶುರು ಮಾಡಿ.