ಕೆಂಡದ ಅಂಚಿನಲ್ಲಿ ನಿಂತವರ ಎದೆಬಡಿತ

ಅರಸೀಕೆರೆ ತಾಲ್ಲೂಕಿನ ನಮ್ಮೂರ ಜಾತ್ರೆಯಲ್ಲಿ ಒದ್ದೆ ಪಂಚೆಯುಟ್ಟು ಕೆಂಡ ಹಾಯ್ದವನು ದೊಡ್ಡಮ್ಮನ ಮಗ. ಆದರೆ ಮೈಯೆಲ್ಲ ಬೆವತು ನಡುಗುತ್ತಿದ್ದವರು ಹತ್ತು ಮಾರು ದೂರದಲ್ಲಿ ನನ್ನ ಮುಂಗೈ ಹಿಡಿದು ನಿಂತಿದ್ದ ದೊಡ್ಡಮ್ಮ. ಅವನು ಆಚೆ ಬದಿ ಮುಟ್ಟಿದ ಮೇಲೆಯೇ ಅವರು ಉಸಿರು ಬಿಟ್ಟದ್ದು. ಪಾದ ಸುಡದಿರುವುದಕ್ಕೆ ಭೌತಶಾಸ್ತ್ರದಲ್ಲಿ ಸರಳ ಉತ್ತರವಿದೆ: ಕೆಂಡವೂ ಅದರ ಮೇಲಿನ ಬೂದಿಯೂ ಶಾಖವನ್ನು ನಿಧಾನವಾಗಿ ದಾಟಿಸುತ್ತವೆ, ಹೆಜ್ಜೆ ಒಂದೆಡೆ ಊರುವುದು ಕ್ಷಣಮಾತ್ರ (ನಿಂತರೆ ಸುಟ್ಟೇ ಸುಡುತ್ತದೆ). ದೊಡ್ಡಮ್ಮನ ನಡುಕಕ್ಕೆ ಉತ್ತರ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಸ್ಪೇನ್ ದೇಶದ ಸಾನ್ ಪೆಡ್ರೊ ಮಾನ್ರಿಕೆ ಎಂಬ ಹಳ್ಳಿಯಲ್ಲೂ ಪ್ರತಿ ಜೂನ್ ತಿಂಗಳ ಒಂದು ರಾತ್ರಿ ಜನ ಕೆಂಡ ಹಾಯುತ್ತಾರೆ. ಹಾಯುವವರಿಗೂ ನೋಡುವವರಿಗೂ ಎದೆಬಡಿತ ಅಳೆಯುವ ಪಟ್ಟಿ ಕಟ್ಟಿ ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಹಾಯುವವನ ಹೃದಯದ ಏರಿಳಿತವನ್ನು ಸುಮ್ಮನೆ ಕುಳಿತಿದ್ದ ಅವನ ನೆಂಟರಿಷ್ಟರ ಹೃದಯವೂ ಅನುಸರಿಸಿತ್ತು. ಅದೇ ಕೆಂಡವನ್ನು ಅಷ್ಟೇ ಕುತೂಹಲದಿಂದ ನೋಡುತ್ತಿದ್ದ ಪರವೂರಿನವರಲ್ಲಿ ಈ ಹೊಂದಿಕೆ ಕಾಣಲಿಲ್ಲ. ಅಂದರೆ ಕಣ್ಣಿಗೆ ಬಿದ್ದದ್ದಷ್ಟರಿಂದಲೇ ಮೈ ಜುಮ್ಮೆನ್ನುವುದಿಲ್ಲ, ನಡುವೆ ಸಂಬಂಧದ ತಂತುವೊಂದು ಇರಬೇಕಾಗುತ್ತದೆ.

ಹುಣ್ಣಿಮೆಯ ಭಜನೆಯಲ್ಲಿ ಮೈಯನ್ನು ಒಂದು ಲಯಕ್ಕೆ ತರುವ ಈ ಕೆಲಸವನ್ನು ಉಸಿರು ಮಾಡುತ್ತದೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಬಾರಿ ಉಸಿರಾಡುತ್ತೇವೆ. ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 23 ಮಂದಿ ಆರೋಗ್ಯವಂತರಿಂದ ಕ್ರೈಸ್ತರ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿ 2001ರಲ್ಲಿ ವರದಿ ಮಾಡಿದಂತೆ, ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ನಮ್ಮ ರಕ್ತದೊತ್ತಡದಲ್ಲಿ ತಾನಾಗಿಯೇ ಸುಮಾರು ಹತ್ತು ಸೆಕೆಂಡಿಗೊಮ್ಮೆ ಏಳುವ ಅಲೆಯ ಲಯವೂ ಇದೇ ಆಗಿರುವುದರಿಂದ ಉಸಿರು, ಹೃದಯ, ರಕ್ತದೊತ್ತಡ ಮೂರೂ ಒಂದೇ ತಾಳಕ್ಕೆ ಬಂದುಬಿಡುತ್ತವೆ. ಒಬ್ಬ ಪಲ್ಲವಿ ಎತ್ತಿ, ಉಳಿದವರು ತಿರುಗಿ ಹೇಳುವ ನಮ್ಮ ಭಜನೆಯ ಕ್ರಮದಲ್ಲೂ ಉದ್ದನೆಯ ಸಾಲು ಉಸಿರನ್ನು ಹೀಗೆಯೇ ಎಳೆಯುತ್ತದೆ ಎಂಬುದು, ತಾಳ ಹಿಡಿದು ಕುಳಿತು ನಾನೇ ಎಣಿಸಿ ಕಂಡುಕೊಂಡದ್ದು. ಎಣಿಸತೊಡಗಿದ ಕೂಡಲೇ ತಾಳ ತಪ್ಪಿತೆನ್ನುವುದು ಬೇರೆ ಮಾತು.

ಇನ್ನು ಗುರುವಿನ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮೂರಿಗೆ ಸ್ವಾಮಿಗಳೊಬ್ಬರು ಬರುವವರಿದ್ದರು. ಪಾದಪೂಜೆಗೆ ತಟ್ಟೆ, ಬಿಲ್ವಪತ್ರೆ, ತಾಮ್ರದ ಚೆಂಬು ಎಲ್ಲ ಅಣಿಯಾಗಿತ್ತು. ಅಷ್ಟರಲ್ಲಿ ಪರದೆಯ ಹಿಂದಿನಿಂದ ಮೈಕಿನಲ್ಲಿ ಆಶೀರ್ವಚನ ಕೇಳಿಬಂತು, ದೊಡ್ಡಮ್ಮನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಮಾತಾಡಿದ್ದು ಮೈಕು ಪರೀಕ್ಷಿಸುತ್ತಿದ್ದ ಶಿಷ್ಯ. ಸ್ವಾಮಿಗಳು ಇನ್ನೂ ದಾರಿಯಲ್ಲಿದ್ದರು. ಸಂಜೆ ಇದನ್ನು ಹೇಳಿದಾಗ ದೊಡ್ಡಮ್ಮ ಕಿಂಚಿತ್ತೂ ಪೆಚ್ಚಾಗಲಿಲ್ಲ: “ಅವ್ರ ದನಿ ಅಂತ್ಲೇ ಕೇಳಿಸ್ಕಂಡೆ ಕಣಪ್ಪ, ಎದೆಗೆ ತಾಕ್ತು. ತಾಕಿದ್ದು ಸುಳ್ಳಾ?”

ಸುಳ್ಳಲ್ಲ. ಡೆನ್ಮಾರ್ಕಿನ ಉಫ್ಫ ಶೋಟ್ ಮತ್ತು ಸಂಗಡಿಗರ 2011ರ ಪ್ರಯೋಗ ಹೆಚ್ಚುಕಡಿಮೆ ಇದನ್ನೇ ಪರಿಶೀಲಿಸಿತ್ತು. ಪ್ರಾರ್ಥನೆಗಳನ್ನು ಕೇಳಿಸುವಾಗ, ಇದು ಕ್ರೈಸ್ತರಲ್ಲದವರ ದನಿ, ಇದು ಸಾಮಾನ್ಯ ಕ್ರೈಸ್ತರ ದನಿ, ಇದು ರೋಗ ಗುಣಪಡಿಸಬಲ್ಲವರ ದನಿ ಎಂದು ಮೊದಲೇ ತಿಳಿಸಲಾಗುತ್ತಿತ್ತು. ವಾಸಿಮಾಡುವ ಶಕ್ತಿಯುಳ್ಳವರು ಎಂದು ನಂಬಿ ಕೇಳುವಾಗ, ಮಾತನ್ನು ತೂಗಿ ನೋಡುವ, ತಪ್ಪು ಹಿಡಿಯುವ ಕೆಲಸದಲ್ಲಿ ತೊಡಗುವ ಹಣೆಯ ಹಿಂಬದಿಯ ಮಿದುಳಿನ ಭಾಗಗಳ ಚಟುವಟಿಕೆ ಭಕ್ತರಲ್ಲಿ ತಗ್ಗಿತು. ಎಷ್ಟು ತಗ್ಗಿತೋ ಅಷ್ಟರಮಟ್ಟಿಗೆ ದೇವರ ಸಾನ್ನಿಧ್ಯ ಅನುಭವವಾಯಿತೆಂದು ಅವರು ಹೇಳಿದರು. ನನ್ನ ದೃಷ್ಟಿಯಲ್ಲಿ ಧಾರ್ಮಿಕ ಅನುಭವವನ್ನು ಅಧ್ಯಯನ ಮಾಡುವ ಈ ಇಡೀ ಕ್ಷೇತ್ರದ ಅತ್ಯಂತ ಮುಖ್ಯವಾದ ಫಲಿತಾಂಶ ಇದೇ, ಏಕೆಂದರೆ ಅನುಭವದ ತೀವ್ರತೆಗೂ ಗುರುವಿನ ನಿಜವಾದ ಯೋಗ್ಯತೆಗೂ ನಡುವಿನ ಗಂಟನ್ನು ಇದು ಸಡಿಲಿಸುತ್ತದೆ.

ಆ ಗಂಟನ್ನು ಅನುಭವಿಸಿದವರೇ ಬಿಚ್ಚಿಕೊಳ್ಳುವುದು ಕಷ್ಟ. ಇಂಥ ಅನುಭವಗಳಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲಿ ಕೊಟ್ಟ ಲಕ್ಷಣಗಳಲ್ಲಿ ಒಂದು, ಏನೋ ಸತ್ಯ ತಿಳಿಯಿತೆಂಬ ಗಟ್ಟಿ ಭಾವನೆ. ಯಾವ ಸತ್ಯ ಎಂಬುದನ್ನು ಮಾತ್ರ ನಾವು ಬೆಳೆದ ಮನೆ ತುಂಬಿಕೊಡುತ್ತದೆ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಗುಹೆಯೊಳಗೆ ಬಗ್ಗಿ ಇಳಿಯುವಾಗ ರೋಮಾಂಚನಗೊಳ್ಳುವ ಒಬ್ಬರಿಗೆ ಅದು ಗುರು ದತ್ತಾತ್ರೇಯರ ಕೃಪೆ, ಪಕ್ಕದಲ್ಲೇ ಇಳಿಯುತ್ತಿರುವ ಇನ್ನೊಬ್ಬರಿಗೆ ಸೂಫಿ ಸಂತ ದಾದಾ ಹಯಾತರ ಬರಕತ್ತು. ಕಲ್ಲು, ತಂಪು, ಕತ್ತಲೆ ಇಬ್ಬರಿಗೂ ಒಂದೇ.

ತೂಗಿ ನೋಡುವ ಭಾಗ ಮಲಗಿದಾಗ ಸಿಗುವ ನೆಮ್ಮದಿಯೇ ಕೆಲವೊಮ್ಮೆ ತೊಂದರೆಯ ಬಾಗಿಲೂ ಆಗುತ್ತದೆ. ಮಠದ ತೀರ್ಥವೊಂದೇ ಸಾಕೆಂದು ಯಾರೋ ಅಂದದ್ದನ್ನು ನಂಬಿ ದೊಡ್ಡಮ್ಮ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎರಡು ತಿಂಗಳು ಬಿಟ್ಟಿದ್ದರು. ಕಾಲಿನ ಗಾಯ ಮಾಯದೆ ಹೋದಾಗಲೇ ಮನೆಯವರಿಗೆ ಗೊತ್ತಾದದ್ದು. ಡಾಕ್ಟರು ತೋರಿಸಿದ ರಕ್ತಪರೀಕ್ಷೆಯ ಚೀಟಿಯನ್ನು ದೊಡ್ಡಮ್ಮ ಓದಲಿಲ್ಲ. ಡಾಕ್ಟರು ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತು, ಕೈ ಹಿಡಿದು, “ತಗೊಳ್ಳಿ ಅಮ್ಮ” ಎಂದರು. ಅಂದು ರಾತ್ರಿಯೇ ದೊಡ್ಡಮ್ಮ ಮಾತ್ರೆ ನುಂಗಿದರು, ತೀರ್ಥದ ಜೊತೆಯಲ್ಲಿ.