ಕಚ್ಚುವ ಪಾಠಕ್ಕಿಂತ ಮೊದಲು ಬಿಡುವ ಪಾಠ

ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಅಡಿಕೆ ಅಂಗಳದಲ್ಲಿ ಭಾನುವಾರ ಬೆಳಿಗ್ಗೆ ನಾವು ಐದಾರು ಜನ ಕಾವಲಿನ ಪಾಠಕ್ಕೆ ನಾಯಿಗಳ ಜೊತೆ ಸೇರುತ್ತೇವೆ. ಅಡಿಕೆ ಒಣಹಾಕುವ ಕಾಲದಲ್ಲಿ ಅಂಗಳ ಖಾಲಿ ಇರುವುದಿಲ್ಲ. ಆಗ ಗುಡ್ಡೆಯ ಮೇಲಿನ ಮುರಕಲ್ಲಿನ ಬಯಲೇ ನಮ್ಮ ತರಗತಿ. ಕಲಿಸುವವರು ಪೊಲೀಸ್ ಶ್ವಾನದಳದಲ್ಲಿದ್ದು ನಿವೃತ್ತರಾದವರು. ನಾವು ಮಾಷ್ಟ್ರು ಅನ್ನುತ್ತೇವೆ. ಹೊಸದಾಗಿ ಸೇರಿದ ಇಬ್ಬರು ನನ್ನ ನೋಟ್ ಪುಸ್ತಕ ಕೇಳಿದರು. ಅದರಲ್ಲಿರುವುದು ನನಗೇ ಓದಲಾಗದ ಅಕ್ಷರ, ಜೊತೆಗೆ ನಾಯಿಯ ಜೊಲ್ಲು. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಯಾವ ನಾಯಿ ಬೇಕು?

ಮೊದಲ ದಿನ ಮಾಷ್ಟ್ರು ಎಲ್ಲರಿಗೂ ಕೇಳುವ ಪ್ರಶ್ನೆ ಒಂದೇ: "ನಿಮಗೆ ಬೊಗಳುವ ನಾಯಿ ಸಾಕೋ, ಕಚ್ಚುವ ನಾಯಿಯೇ ಬೇಕೋ?" ನಾನು ಎದೆಯುಬ್ಬಿಸಿ ಎರಡನೆಯದು ಎಂದೆ. ಅವರು ನಕ್ಕರು.

ನಮ್ಮ ಕಡೆಯ ಮನೆಗಳು ಗೊತ್ತಲ್ಲ. ತೋಟದ ನಡುವೆ ಒಂಟಿ ಮನೆ, ಕೂಗಿದರೆ ಪಕ್ಕದ ಮನೆಗೆ ಕೇಳಿಸುವುದಿಲ್ಲ, ಒಳಗೆ ವಯಸ್ಸಾದವರಿಬ್ಬರು. ಇಂಥ ಮನೆಗೆ ಬೇಕಾದದ್ದು ತಡಮೆಯ ಹತ್ತಿರ ಯಾರೋ ಬಂದರು ಎಂದು ತಿಳಿಸುವ ನಾಯಿ. ದೊಡ್ಡ ಮೈ, ದಪ್ಪ ದನಿ ಇದ್ದರೆ ಮುಕ್ಕಾಲು ಕೆಲಸ ಆದ ಹಾಗೆ. ಇದು ಎಚ್ಚರಿಸುವ ನಾಯಿ. ಗೋದಾಮು, ಕೋರೆಯಂಥ ಜಾಗವನ್ನು ಕಾಯುವುದು ಇನ್ನೊಂದು ಬಗೆ. ಮನುಷ್ಯನ ಜೊತೆಗಿದ್ದು ಅವನನ್ನು ಕಾಯುವುದು ಮೂರನೆಯ ಬಗೆ, ನಾವು ಕಲಿಯುತ್ತಿರುವುದು ಇದನ್ನು. ಇದು ಎಲ್ಲಕ್ಕಿಂತ ಕಷ್ಟ. ಯಾಕೆಂದರೆ ಈ ನಾಯಿ ಕುಂಬಳೆ ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳ ಮಧ್ಯೆ ಸುಮ್ನೆ ನಿಲ್ಲಬೇಕು, ಹೇಳಿದಾಗ ಎದ್ದು ನಿಲ್ಲಬೇಕು, ಸಾಕು ಅಂದ ಕ್ಷಣ ತಣ್ಣಗಾಗಬೇಕು.

ಸಂಕೋಲೆಯ ನಾಯಿ ಜೋರು ಅಲ್ಲ

ದಿನವಿಡೀ ಕಟ್ಟಿಹಾಕಿ, ಹೋಗಿಬರುವವರೆಲ್ಲರಿಗೂ ಹಾರಿ ಬೊಗಳುವ ನಾಯಿಯನ್ನು ನಾವು "ಭಾರೀ ಜೋರಿನ ನಾಯಿ" ಅನ್ನುತ್ತೇವೆ. ಮಾಷ್ಟ್ರು ಅದರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು. ಮೈಯ ಭಾರವೆಲ್ಲ ಹಿಂಗಾಲಿನ ಮೇಲೆ, ಕಿವಿ ಹಿಂದಕ್ಕೆ, ಬಾಯಿಯ ಮೂಲೆ ಹಿಂದಕ್ಕೆ ಎಳೆದಿದೆ, ಕಣ್ಣಿನ ಬಿಳಿ ಕಾಣುತ್ತಿದೆ, ಬೊಗಳುತ್ತಾ ಒಂದು ಹೆಜ್ಜೆ ಹಿಂದೆ ಸರಿಯುತ್ತಿದೆ. ಇದು ಹೆದರಿಕೆ. ಓಡಲು ಸಂಕೋಲೆ ಬಿಡುವುದಿಲ್ಲ, ಹಾಗಾಗಿ ಗದ್ದಲ. ಸಂಕೋಲೆ ತುಂಡಾದರೆ ಒಂದೋ ಅದು ಹಟ್ಟಿಯ ಹಿಂದೆ ಅಡಗುತ್ತದೆ, ಇಲ್ಲವೇ ಪೋಸ್ಟ್ ಕೊಡಲು ಬಂದವರಿಗೆ ಹಿಂದಿನಿಂದ ಕಚ್ಚುತ್ತದೆ.

ಧೈರ್ಯದ ನಾಯಿ ಬೇರೆ ಥರ ಕಾಣುತ್ತದೆ. ಮೈ ಮುಂದಕ್ಕೆ, ಬಾಯಿ ಮುಚ್ಚಿರುತ್ತದೆ, ನೋಟ ಒಂದೇ ಕಡೆ. ಬೊಗಳುವುದು ಕಡಿಮೆ. ಬಾಲ ಆಡಿಸಿದರೆ ಖುಷಿ ಎಂದು ಲೆಕ್ಕ ಹಾಕಬೇಡಿ. ಎತ್ತರಕ್ಕೆ ನಿಂತು ಬಿಗಿಯಾಗಿ ಅಲುಗುವ ಬಾಲ ಉದ್ರೇಕದ್ದು. ಆಕಳಿಕೆ, ಮೂಗು ನೆಕ್ಕಿಕೊಳ್ಳುವುದು ನಿದ್ದೆ ಹಸಿವಿನದ್ದೇ ಆಗಬೇಕಿಲ್ಲ, ಮನಸ್ಸಿಗೆ ಭಾರವಾದಾಗಲೂ ನಾಯಿ ಹಾಗೆ ಮಾಡುತ್ತದೆ.

ಕೋಲು ತೋರಿಸಿ ಕೆಣಕುವುದು, ಹಗಲಿಡೀ ಕತ್ತಲೆ ಗೂಡಿನಲ್ಲಿ ಇಡುವುದು, ಇವೆಲ್ಲ ಹೆದರಿಕೆಯ ನಾಯಿಯನ್ನು ತಯಾರು ಮಾಡುವ ದಾರಿಗಳು. ಹಸಿ ಮಾಂಸ ಕೊಟ್ಟರೆ ಜೋರಾಗುತ್ತದೆ ಎನ್ನುವುದಂತೂ ಬರೀ ಕಟ್ಟುಕತೆ.

ಜಾತಿ, ವಯಸ್ಸು

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಹೆಚ್ಚಿನವರು ಈಗಾಗಲೇ ಮರಿ ತಂದಾಗಿದೆ. ಜರ್ಮನ್ ಶೆಫರ್ಡ್ ಕುರಿ ಕಾಯುವ ನಾಯಿ. ಅದರ ಸಂಘ 1899ರಲ್ಲಿ ಜರ್ಮನಿಯಲ್ಲಿ ಶುರುವಾಯಿತು. ತೆರಿಗೆ ವಸೂಲಿ ಮಾಡುತ್ತಿದ್ದ ಡಾಬರ್‌ಮನ್ ಎಂಬವರು ಬೆಳೆಸಿದ ನಾಯಿಗೆ ಅವರದ್ದೇ ಹೆಸರು ಬಂತು. ವಸೂಲಿಗೆ ಹೋಗುವವರಿಗೆ ನಾಯಿ ಯಾಕೆ ಬೇಕು ಅಂತ ಕೇಳಬೇಕಾಗಿಲ್ಲ, ಅಲ್ವಾ?

ಜಾತಿಗಿಂತ ವಯಸ್ಸು ಮುಖ್ಯ. 3ನೇ ವಾರದಿಂದ ಸುಮಾರು 12-14ನೇ ವಾರದವರೆಗೆ ಮರಿ ಲೋಕವನ್ನು ಹೆದರಿಕೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಕೊಡೆ, ಹೆಲ್ಮೆಟ್, ಹುಲ್ಲು ಕತ್ತರಿಸುವ ಮೆಷಿನ್, ಚೆಂಡೆಯ ಸದ್ದು, ಪರ್ದಾ ಹಾಕಿದವರು, ಅಡಿಕೆ ಕೊಯ್ಯಲು ಮರದ ಮೇಲಿರುವ ಮನುಷ್ಯ, ಎಲ್ಲವನ್ನೂ ಆಗಲೇ ತೋರಿಸಬೇಕು. ಇದನ್ನೆಲ್ಲ ಕಂಡ ನಾಯಿಗೆ ಮಾತ್ರ ಮುಂದೆ "ಇದು ಮಾಮೂಲಿ ಅಲ್ಲ" ಎಂದು ಗೊತ್ತಾಗುತ್ತದೆ. 4ರಿಂದ 7 ತಿಂಗಳ ನಡುವೆ ಹಲ್ಲು ಬದಲಾಗುವಾಗ ಎಳೆದಾಟ ಬೇಡ. ನೋವಾದರೆ ಕಚ್ಚುವ ಆಟವೇ ಬೇಡ ಅನ್ನಿಸಿಬಿಡುತ್ತದೆ.

ಓಡುವುದನ್ನು ಹಿಡಿಯುವ ಆಸೆ, ಎದುರಾದದ್ದನ್ನು ಓಡಿಸುವ ಸಿಟ್ಟು

ಪಾಠದ ಬುಡ ಇದು. ನಾಯಿ ಕಚ್ಚುವುದಕ್ಕೆ ಎರಡು ಕಾರಣಗಳನ್ನು ತರಬೇತಿಯವರು ಬೇರೆ ಮಾಡಿ ನೋಡುತ್ತಾರೆ. ಒಂದು ಬೇಟೆಯ ಆಸೆ. ಚೆಂಡು ಉರುಳಿದರೆ, ಬಟ್ಟೆ ಅಲುಗಿದರೆ ಹಾರಿ ಹಿಡಿಯುವುದು. ಇದರಲ್ಲಿ ಹೆದರಿಕೆ ಇಲ್ಲ, ಆಟವೇ. ಇನ್ನೊಂದು ರಕ್ಷಣೆಯ ಸಿಟ್ಟು. ಯಾರೋ ನೇರ ಎದುರು ನಿಂತು ಕಣ್ಣಿಗೆ ಕಣ್ಣಿಟ್ಟು ಬಂದಾಗ ಹುಟ್ಟುವುದು. ಇದರಲ್ಲಿ ಹೆದರಿಕೆಯೂ ಸೇರಿದೆ. ಪಾಠ ಯಾವಾಗಲೂ ಮೊದಲಿನದ್ದರಿಂದ ಶುರು. ಎರಡನೆಯದನ್ನು ಮುಟ್ಟುವುದು ನಾಯಿ ದೊಡ್ಡದಾಗಿ, ಬುದ್ಧಿ ಬಲಿತ ಮೇಲೆ, ಅದೂ ಪಳಗಿದ ಹೆಲ್ಪರ್, ಅಂದರೆ ಎದುರಾಳಿಯ ಪಾತ್ರ ಮಾಡಿ ನಾಯಿಗೆ ಕಚ್ಚಲು ಕೊಡುವವರು, ಇದ್ದರೆ ಮಾತ್ರ. ಎಂಟು ತಿಂಗಳ ಮರಿಯ ಎದುರು ಅಳಿಯ-ಭಾವಂದಿರನ್ನು ಕಳ್ಳನ ವೇಷದಲ್ಲಿ ನಿಲ್ಲಿಸಿದರೆ ಮರಿ ಕಲಿಯುವುದು ಒಂದನ್ನೇ: ಮನುಷ್ಯರು ಅಪಾಯ.

ನನ್ನದೇ ತಪ್ಪು

ನನ್ನ ಶೆಫರ್ಡ್ ಭೈರನಿಗೆ ಎಳೆದಾಟಕ್ಕೆ ಹಳೆ ಅಡಿಕೆ ಗೋಣಿ ಸುತ್ತಿ ಕೊಟ್ಟೆ. ಖರ್ಚಿಲ್ಲ, ಹಲ್ಲಿಗೂ ಒಳ್ಳೆಯದು. ಅವನಿಗೆ ಗೋಣಿ ಅಂದರೆ ಪ್ರಾಣ ಆಯಿತು. ಒಂದು ದಿನ ತೋಟದ ಕೆಲಸಕ್ಕೆ ಬರುವ ಅಣ್ಣ ಖಾಲಿ ಗೋಣಿ ಕೊಡವುತ್ತಿದ್ದರು. ಭೈರ ಮೂರು ಹಾರಿಗೆಯಲ್ಲಿ ಗೋಣಿ ಹಿಡಿದ, ಜೊತೆಗೆ ಅವರ ಮೊಣಕೈ ಕೆಳಗಿನ ಚರ್ಮವೂ ತರಚಿತು. ನಾನು "ಬಿಡು! ಬಿಡು!" ಎಂದು ಕಿರುಚುತ್ತಾ ಬೆಲ್ಟು ಹಿಡಿದು ಎಳೆದೆ. ಎಳೆದಷ್ಟೂ ಹಲ್ಲು ಬಿಗಿಯಾಯಿತು. ಕೊನೆಗೆ ಭೈರ ಬಿಟ್ಟದ್ದು ನನ್ನಿಂದಲ್ಲ. ಆ ಅಣ್ಣ ದನ ಕಟ್ಟಿ ಅನುಭವ ಇದ್ದವರು. ಕಂಬದ ಹಾಗೆ ನಿಂತುಬಿಟ್ಟರು. ಗೋಣಿ ಅಲುಗಲಿಲ್ಲ. ಹತ್ತು ಎಣಿಸುವಷ್ಟರಲ್ಲಿ ಭೈರನಿಗೆ ಬೇಜಾರಾಗಿ ಬಾಯಿ ಸಡಿಲ ಮಾಡಿದ.

ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದೆವು, ನೇರ ಆಸ್ಪತ್ರೆಗೆ ಹೋದೆವು. ನಾಯಿಗೆ ರೇಬಿಸ್ ಚುಚ್ಚುಮದ್ದು ಆಗಿದೆ ಎಂದು ಸುಮ್ಮನಿರಬಾರದು. ಅವರಿಗೆ ಅದೇ ದಿನ ಒಂದು, ಮತ್ತೆ 3, 7, 28ನೇ ದಿನ ಚುಚ್ಚಿದರು. ನಾಲ್ಕು ಸಲವೂ ನಾನೇ ಜೊತೆಗೆ ಹೋದೆ. ಮುಖ ತೋರಿಸಲು ನಾಚಿಕೆಯಾಗುತ್ತಿತ್ತು.

ಮಾಷ್ಟ್ರು ಬೈಯಲಿಲ್ಲ. "ನೀನು ಹಿಡಿಯುವುದನ್ನು ಮೂರು ತಿಂಗಳು ಕಲಿಸಿದ್ದೀಯ, ಬಿಡುವುದನ್ನು ಎಷ್ಟು ದಿನ?" ಎಂದು ಕೇಳಿದರು. ಜರ್ಮನಿಯಲ್ಲಿ ಶುಟ್ಸ್‌ಹುಂಡ್ ಎಂದು ಶುರುವಾಗಿ 2019ರಿಂದ ಐಜಿಪಿ ಎಂಬ ಹೆಸರಿನಲ್ಲಿ ನಡೆಯುವ ನಾಯಿಗಳ ಪರೀಕ್ಷೆಯ ಬಗ್ಗೆ ಹೇಳಿದ್ದೂ ಆವತ್ತೇ. ವಾಸನೆ ಹಿಡಿದು ಜಾಡು ಹುಡುಕುವುದು, ಮಾತು ಕೇಳುವುದು, ರಕ್ಷಣೆ, ಮೂರಕ್ಕೂ ನೂರು ನೂರು ಅಂಕ. ಪಾಸಾಗಲು ಮೂರರಲ್ಲೂ ಕನಿಷ್ಠ 70 ಬೇಕು. ಮೂರನೇ ಸಲ ಹೇಳಿದರೂ ಬಿಡದ ನಾಯಿ ಅಲ್ಲಿಗೇ ಹೊರಗೆ, ಎಷ್ಟೇ ಚೆನ್ನಾಗಿ ಹಿಡಿದಿರಲಿ.

ಬಿಡಿಸುವುದು ಹೇಗೆ

ಒಂದೇ ಥರದ ಎರಡು ಆಟಿಕೆ ತೆಗೆದುಕೊಳ್ಳಿ. ಗೋಣಿ ಬೇಡ, ಕಾರಣ ಓದಿದಿರಿ. ದಪ್ಪ ಹಗ್ಗವೋ ಚರ್ಮದ ಪಟ್ಟಿಯೋ ಆಗಬಹುದು. ಮೊದಲಿನದ್ದರಲ್ಲಿ ಎಳೆದಾಡಿ. ಆಮೇಲೆ ಅದನ್ನು ನಿಮ್ಮ ಮೊಣಕಾಲಿಗೆ ಒತ್ತಿ ಹಿಡಿದು ಕಲ್ಲಾಗಿ. ಎಳೆಯಬೇಡಿ, ಮಾತಾಡಬೇಡಿ. ಸತ್ತ ಆಟಿಕೆಯಲ್ಲಿ ನಾಯಿಗೆ ಏನೂ ಸ್ವಾರಸ್ಯವಿಲ್ಲ. ಬಾಯಿ ಸಡಿಲವಾದ ಆ ಕ್ಷಣವೇ "ಹಾಂ" ಎಂದು ಎರಡನೆಯದನ್ನು ನೆಲದ ಮೇಲೆ ಓಡಿಸಿ. ಬಿಟ್ಟರೆ ಆಟ ಮುಗಿಯುವುದಿಲ್ಲ, ಮತ್ತೆ ಶುರುವಾಗುತ್ತದೆ ಎಂಬುದು ನಾಯಿಯ ತಲೆಗೆ ಹೋಗಬೇಕು. ಬಿಟ್ಟ ಕೂಡಲೇ ಕಿತ್ತುಕೊಂಡು ಕಪಾಟಿನಲ್ಲಿಟ್ಟರೆ ಯಾವ ನಾಯಿ ಬಿಡುತ್ತದೆ?

ಮಾತನ್ನು ಸೇರಿಸುವುದು ಒಂದು ವಾರ ಕಳೆದು. ಪಾವ್ಲೋವ್ ಗಂಟೆಯ ಕತೆ ಶಾಲೆಯಲ್ಲಿ ಓದಿದ್ದೇವಲ್ಲ, ಮೊದಲು ಗಂಟೆ, ಆಮೇಲೆ ನಾಯಿಗೆ ಊಟ, ಆ ಕ್ರಮ ಇಲ್ಲಿ ಮುಖ್ಯ. ಮೊದಲು ಮಾತು, ಅರ್ಧ ಸೆಕೆಂಡು ಬಿಟ್ಟು ಕಲ್ಲಾಗುವುದು. ಎರಡೂ ಒಟ್ಟಿಗೆ ಮಾಡಿದರೆ ನಾಯಿ ನಿಮ್ಮ ಕೈ ನೋಡಿ ಬಿಡುತ್ತದೆ, ಮಾತು ಕಿವಿಗೇ ಬೀಳುವುದಿಲ್ಲ. ದೂರದಿಂದ ಹೇಳಬೇಕಾಗಿ ಬಂದಾಗ ಕೈ ಎಲ್ಲಿಂದ ತರುತ್ತೀರಿ?

ಯಾವ ಮಾತು? ನಮ್ಮ ಊರಿನಲ್ಲಿ ಇದು ದೊಡ್ಡ ತಲೆನೋವು. ದಿನಕ್ಕೆ ನಲ್ವತ್ತು ಸಲ "ಹೋಗ್ಲಿ ಬಿಡು" ಎನ್ನುವ ಮನೆಯಲ್ಲಿ "ಬಿಡು" ನಾಯಿಗೆ ಬರೀ ಗಾಳಿಯ ಸದ್ದು. ತುಳುವಿನ "ಬುಡು" ಹತ್ತಿರದ್ದೇ. ಮಲಯಾಳದ "ವಿಡ್" ಕೂಡ ಕಾಸರಗೋಡಿನ ಬಾಯಲ್ಲಿ "ಬಿಡ್" ಆಗುತ್ತದೆ. "ಇರು" ಇನ್ನೂ ಫಜೀತಿ. ನಾನು ನಿಂತಲ್ಲೇ ಇರು ಎನ್ನುತ್ತೇನೆ, ತೋಟದಲ್ಲಿ ಮಲಯಾಳ ಮಾತಾಡುವವರು ಕೂತ್ಕೋ ಎಂಬುದಕ್ಕೆ "ಇರಿ" ಎನ್ನುತ್ತಾರೆ. ಭೈರ ಅರ್ಧ ಕೂತು ಅರ್ಧ ನಿಂತು ನನ್ನ ಮುಖ ನೋಡುತ್ತಿದ್ದ. ಕೊನೆಗೆ ಬಿಡುವುದಕ್ಕೆ ಜರ್ಮನಿಯವರ "ಔಸ್" ಇಟ್ಟೆವು, ಯಾಕೆಂದರೆ ಮನೆಯಲ್ಲಿ ಬೇರೆ ಯಾವುದಕ್ಕೂ ಅದು ಬರುವುದಿಲ್ಲ. ಅಜ್ಜಿಗೆ ಅದು ಔಷಧಿ ಕೇಳಿದ ಹಾಗೆ ಕೇಳಿಸುತ್ತದೆ. ಪರವಾಗಿಲ್ಲ. ಮನೆಯವರಿಗೆಲ್ಲ ಗೊತ್ತಿರಲಿ ಎಂದು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದೇನೆ.

ತೋಳಿನ ಪಾಠಕ್ಕೆ ಬಂದಾಗ ನೋಡಬೇಕಾದ್ದು

ಹೆಲ್ಪರ್ ತೋಳಿಗೆ ಹಾಕಿಕೊಳ್ಳುವ ದಪ್ಪ ಕವಚಕ್ಕೆ ಸ್ಲೀವ್ ಅನ್ನುತ್ತಾರೆ. ನಾಯಿ ಹೇಗೆ ಹಿಡಿಯುತ್ತದೆ ನೋಡಿ. ದವಡೆ ಹಲ್ಲಿನವರೆಗೆ ಬಾಯಿ ತುಂಬ ಹಿಡಿದು ಸುಮ್ಮನಿದ್ದರೆ ಮನಸ್ಸು ಗಟ್ಟಿಯಿದೆ. ಮುಂದಿನ ಹಲ್ಲಿನಲ್ಲಿ ಚುಚ್ಚಿ ಚುಚ್ಚಿ ಜಾಗ ಬದಲಿಸುತ್ತಾ ಗುರುಗುಟ್ಟಿದರೆ ಒಳಗೊಳಗೇ ಅಳುಕು. ಆಗ ಹೆಲ್ಪರ್ ಒತ್ತಡ ಕಡಿಮೆ ಮಾಡಿ ಹಿಂದೆ ಸರಿಯಬೇಕು, ನಾಯಿ ಗೆಲ್ಲಬೇಕು. ಇನ್ನೊಂದು ಅಪಾಯ, ನಾಯಿಗೆ ಮನುಷ್ಯನಿಗಿಂತ ಸ್ಲೀವ್ ಮೇಲೇ ಕಣ್ಣು ಬೀಳುವುದು. ಭೈರನ ಗೋಣಿ ಹುಚ್ಚೂ ಅದೇ ಕಾಯಿಲೆ. ಅದಕ್ಕೇ ಸಾಮಾನನ್ನು ಆಗಾಗ ಬದಲಿಸುತ್ತಾರೆ.

ನಮ್ಮ ಸೆಕೆಯಲ್ಲಿ ಬೆಳಿಗ್ಗೆ ಎಂಟು ಗಂಟೆಯೊಳಗೆ ಪಾಠ ಮುಗಿಸಿ. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದು ಏದುಸಿರಿನಿಂದ. ಗಾಳಿಯಲ್ಲೇ ನೀರಿನಂಶ ಜಾಸ್ತಿ ಇದ್ದರೆ ನಾಲಿಗೆಯ ತೇವ ಆರುವುದಿಲ್ಲ. ನಾಲಿಗೆ ಸೌಟಿನ ಹಾಗೆ ಅಗಲವಾಗಿ ಹೊರಗೆ ಬಂದರೆ ನೆರಳಿಗೆ ಕರೆದುಕೊಂಡು ಹೋಗಿ.

ಕಾಗದಪತ್ರ

ಮೂರು ತಿಂಗಳಿಗೆ ರೇಬಿಸ್ ಚುಚ್ಚುಮದ್ದು, ಆಮೇಲೆ ವರ್ಷ ವರ್ಷ. ಕೇರಳದಲ್ಲಿ 1998ರ ನಿಯಮದ ಪ್ರಕಾರ ನಾಯಿ ಸಾಕಲು ಪಂಚಾಯತಿನ ಲೈಸೆನ್ಸ್ ಬೇಕು. ಸಾಕಿದ ಪ್ರಾಣಿಯ ವಿಷಯದಲ್ಲಿ ಅಜಾಗ್ರತೆ ಮಾಡಿ ಬೇರೆಯವರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ: ಆರು ತಿಂಗಳವರೆಗೆ ಸಜೆ, ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. "ನಾಯಿ ಇದೆ, ಎಚ್ಚರಿಕೆ" ಎಂಬ ಬೋರ್ಡನ್ನು ಕನ್ನಡ, ಮಲಯಾಳ ಎರಡರಲ್ಲೂ ಹಾಕಿ.

ಬರುವ ಭಾನುವಾರಕ್ಕೆ ಎರಡು ಆಟಿಕೆ, ಹತ್ತಡಿ ಹಗ್ಗ, ಕುಡಿಯುವ ನೀರು ತನ್ನಿ. ಹತ್ತು ಸಲ ಬಿಡಿಸಿ ಎಷ್ಟು ಸಲ ಮೊದಲ ಮಾತಿಗೇ ಬಿಟ್ಟಿತು ಎಂದು ಬರೆದುಕೊಂಡೂ ಬನ್ನಿ. ಭೈರನದ್ದು ನಿನ್ನೆ ಹತ್ತರಲ್ಲಿ ಏಳು. ಒಂಬತ್ತಾಗುವವರೆಗೆ ಸ್ಲೀವ್ ಮುಟ್ಟಿಸುವುದಿಲ್ಲ ಎಂದು ಮಾಷ್ಟ್ರು ಅದನ್ನು ತಮ್ಮ ಜೀಪಿನಲ್ಲೇ ಬೀಗ ಹಾಕಿಟ್ಟಿದ್ದಾರೆ.